ವೈರಸ್ಸೇ ಔಷಧಿಯಾದರೆ ಮೆಡಿಕಲ್ ಶಾಪಿನಲ್ಲಿ ಯಾಕೆ ಸಿಗುವುದಿಲ್ಲ?

ಪ್ರಶ್ನೆ: ಆಂಟಿಬಯೋಟಿಕ್ ನಾಟದ ಸೋಂಕಿಗೆ ವೈರಸ್ ಕೊಟ್ಟು ವಾಸಿಮಾಡುತ್ತಾರಂತೆ, ನಿಜವೇ? ಹಾಗಿದ್ದರೆ ನಮ್ಮ ಅಂಗಡಿಗಳಲ್ಲಿ ಯಾಕಿಲ್ಲ?

ಉತ್ತರ: ನಿಜ. ಇವಕ್ಕೆ ಬ್ಯಾಕ್ಟೀರಿಯೊಫೇಜ್, ಚುಟುಕಾಗಿ ಫೇಜ್ ಅನ್ನುತ್ತಾರೆ. ಕೆರೆ, ಮಣ್ಣು, ಚರಂಡಿ, ನಮ್ಮ ಕರುಳು, ಹೀಗೆ ಬ್ಯಾಕ್ಟೀರಿಯಾ ಇರುವಲ್ಲೆಲ್ಲ ಇವೂ ಇರುತ್ತವೆ. ನಮ್ಮ ಜೀವಕೋಶಗಳ ತಂಟೆಗೆ ಬರುವುದಿಲ್ಲ. ತನಗೆ ಒಗ್ಗುವ ಬ್ಯಾಕ್ಟೀರಿಯಾ ಸಿಕ್ಕರೆ ಮಾತ್ರ ಫೇಜ್ ಅದರ ಮೈಗೆ ಅಂಟಿ, ತನ್ನ ಡಿಎನ್‌ಎಯನ್ನು ಒಳಕ್ಕೆ ಚುಚ್ಚುತ್ತದೆ. ಟಿ4 ಎಂಬ ಫೇಜ್ ಇ. ಕೋಲೈಗೆ ಹೀಗೆ ಚುಚ್ಚಿದರೆ, ಸುಮಾರು ಅರ್ಧ ಗಂಟೆಯಲ್ಲಿ ಆ ಬ್ಯಾಕ್ಟೀರಿಯಾ ಒಡೆದು ನೂರರಷ್ಟು ಹೊಸ ಫೇಜ್‌ಗಳು ಹೊರಬೀಳುತ್ತವೆ.

ತೊಡಕಿರುವುದು ‘ಒಗ್ಗುವ’ ಅನ್ನುವ ಮಾತಿನಲ್ಲೇ. ಒಂದು ತಳಿಯ ಇ. ಕೋಲೈಯನ್ನು ಮುಗಿಸುವ ಫೇಜ್ ಇನ್ನೊಂದು ತಳಿಯನ್ನು ಮೂಸಿಯೂ ನೋಡದೆ ಇರಬಹುದು. ಹೊಟ್ಟೆಯ ಒಳ್ಳೆಯ ಬ್ಯಾಕ್ಟೀರಿಯಾ ಉಳಿಯುವುದು ಇದರಿಂದಲೇ, ಸರಿ. ಆದರೆ ಎಲ್ಲರಿಗೂ ಒಂದೇ ಮಾತ್ರೆ, ದಿನಕ್ಕೆರಡು, ಊಟ ಆದ್ಮೇಲೆ ಅಂತ ಬರೆದುಕೊಡಲು ಆಗುವುದಿಲ್ಲ ಅಲ್ವಾ? ರೋಗಿಯ ಗಾಯದಿಂದಲೋ ಮೂತ್ರದಿಂದಲೋ ಬ್ಯಾಕ್ಟೀರಿಯಾ ತೆಗೆದು ಬೆಳೆಸಬೇಕು. ಸಂಗ್ರಹದಲ್ಲಿರುವ ಫೇಜ್‌ಗಳನ್ನು ಅದರ ಮೇಲೆ ಬಿಟ್ಟು ನೋಡಬೇಕು. ಕೆಲಸ ಮಾಡಿದ್ದನ್ನು ಶುದ್ಧಮಾಡಿ ಕೊಡಬೇಕು. ಒಂದೇ ಫೇಜ್ ಕೊಟ್ಟರೆ ಬ್ಯಾಕ್ಟೀರಿಯಾ ಅದಕ್ಕೂ ಜಗ್ಗದಂತಾಗಬಹುದು. ಅದಕ್ಕೇ ಹಲವು ಬಗೆ ಬೆರೆಸುವುದು.

ಹಾಗಂತ ಎಲ್ಲೂ ಸಿಗುವುದೇ ಇಲ್ಲ ಅಂತಲ್ಲ. ಜಾರ್ಜಿಯಾ ದೇಶದ ಔಷಧಿ ಅಂಗಡಿಗಳಲ್ಲಿ ಇಂಥ ಮಿಶ್ರಣ ಮಾರುತ್ತಾರೆ. ಫೇಜ್‌ಗೆ ಹೆಸರಿಟ್ಟಿದ್ದು 1917ರಲ್ಲಿ, ಪ್ಯಾರಿಸ್ಸಿನಲ್ಲಿದ್ದ ವಿಜ್ಞಾನಿ ಫೆಲಿಕ್ಸ್ ದೆರೆಲ್. ಅವರ ಗೆಳೆಯ ಗಿಯೋರ್ಗಿ ಎಲಿಯಾವಾ 1923ರಲ್ಲಿ ಜಾರ್ಜಿಯಾದ ರಾಜಧಾನಿ ತಿಬಿಲಿಸಿಯಲ್ಲಿ ಸಂಶೋಧನಾ ಸಂಸ್ಥೆ ಕಟ್ಟಿದರು. 1937ರಲ್ಲಿ ಸ್ಟಾಲಿನ್ ಆಡಳಿತ ಎಲಿಯಾವಾರನ್ನು ಕೊಂದಿತು. ಸಂಸ್ಥೆ ಮಾತ್ರ ಇವತ್ತಿಗೂ ಇದೆ. ಪೆನಿಸಿಲಿನ್ ಬಂದ ಮೇಲೆ ಪಶ್ಚಿಮದ ದೇಶಗಳು ಫೇಜ್‌ಗಳನ್ನು ಹೆಚ್ಚುಕಡಿಮೆ ಮರೆತೇಬಿಟ್ಟವು. 2016ರಲ್ಲಿ ಅಮೆರಿಕದ ಸ್ಯಾನ್ ಡಿಯೆಗೊದಲ್ಲಿ, ಯಾವ ಆಂಟಿಬಯೋಟಿಕ್‌ಗೂ ಬಗ್ಗದ ಸೋಂಕಿನಿಂದ ಕೋಮಾದಲ್ಲಿದ್ದ ರೋಗಿಯೊಬ್ಬರು ಫೇಜ್ ಕೊಟ್ಟ ಮೇಲೆ ಎದ್ದು ಕೂತಾಗ ಮತ್ತೆ ನೆನಪಾಯಿತು.

ಒಬ್ಬರು ಬದುಕಿದ್ದು ಪುರಾವೆಯಲ್ಲ, ಬಿಡಿ. ಫ್ರಾನ್ಸ್ ಮತ್ತು ಬೆಲ್ಜಿಯಂನಲ್ಲಿ ಸುಟ್ಟಗಾಯದ ರೋಗಿಗಳ ಮೇಲೆ ನಡೆದ ಪರೀಕ್ಷೆಯನ್ನು ಮಧ್ಯದಲ್ಲೇ ನಿಲ್ಲಿಸಬೇಕಾಯಿತು. ತಯಾರಿಸಿಟ್ಟ ಮಿಶ್ರಣದಲ್ಲಿ ಫೇಜ್‌ಗಳ ಸಂಖ್ಯೆ ದಿನ ಕಳೆದಂತೆ ಕುಸಿದು, ರೋಗಿಗಳಿಗೆ ಅಂದುಕೊಂಡದ್ದಕ್ಕಿಂತ ತೀರಾ ಕಡಿಮೆ ಸಿಕ್ಕಿತ್ತು. ಅಂಗಡಿಯ ಕಪಾಟಿಗೆ ಇದು ಸುಲಭವಾಗಿ ಒಗ್ಗುವ ಸರಕಲ್ಲ.

ಬೆಲ್ಜಿಯಂ ಬೇರೆ ದಾರಿ ಹಿಡಿದಿದೆ. ಅಲ್ಲಿ ವೈದ್ಯರು ಚೀಟಿ ಬರೆದರೆ ಆ ಒಬ್ಬ ರೋಗಿಗೆ ಅಂತಲೇ ಫೇಜ್ ಔಷಧಿ ತಯಾರಿಸಿಕೊಡುತ್ತಾರೆ, ಹಿಂದೆ ನಮ್ಮ ಕಾಂಪೌಂಡರುಗಳು ಸೀಸೆಯಲ್ಲಿ ಮಿಕ್ಸ್ಚರ್ ಬೆರೆಸಿಕೊಡುತ್ತಿದ್ದ ಹಾಗೆ.