ಅಳಿಸಿದ ಫೈಲು ಗಿಟ್‌ನಲ್ಲಿ ಎಲ್ಲಿಗೂ ಹೋಗಿರುವುದಿಲ್ಲ

ಕಳೆದ ವರ್ಷ ಒಂದು ಸಣ್ಣ ತಂಡ ನನ್ನನ್ನು ಕರೆಯಿತು. ಕಂಪ್ಯೂಟರಿಗೆ ಕನ್ನಡ ಮಾತು ಕಲಿಸಲು ಬೇಕಾದ ದನಿಗಳನ್ನು ಅವರು ಕೂಡಿಡುತ್ತಿದ್ದರು. ಊರೂರು ತಿರುಗಿ, ಹಿರಿಯರನ್ನು ಮಾತಾಡಿಸಿ, ಸುಮಾರು 40 ಗಂಟೆ ರೆಕಾರ್ಡಿಂಗ್ ಆಗಿತ್ತು. ಎಲ್ಲವನ್ನೂ ಗಿಟ್‌ಗೆ, ಅಂದರೆ ಫೈಲುಗಳ ಪ್ರತಿ ಬದಲಾವಣೆಯನ್ನೂ ನೆನಪಿಡುವ ಸಾಧನಕ್ಕೆ, ಹಾಕಿದ್ದರು.

ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಶಿರಸಿ ಹತ್ತಿರದ ತನ್ನ ಮನೆಯಿಂದ ರೆಪೊ (ಗಿಟ್‌ನ ಸಂಗ್ರಹ) ಕ್ಲೋನ್ ಮಾಡಲು, ಅಂದರೆ ಅದರ ಪೂರ್ತಿ ಪ್ರತಿ ಇಳಿಸಿಕೊಳ್ಳಲು, ಮೂರು ದಿನ ಒದ್ದಾಡಿದ್ದಳು. ಇದ್ದದ್ದು ಮೊಬೈಲ್ ಹಾಟ್‌ಸ್ಪಾಟ್. ಗಿಟ್ ಕ್ಲೋನ್ ಅರ್ಧಕ್ಕೆ ನಿಂತರೆ ನಿಂತಲ್ಲಿಂದ ಮುಂದುವರಿಯುವುದಿಲ್ಲ. ನೆಟ್ ಹೋದಾಗಲೆಲ್ಲ ಮೊದಲಿನಿಂದ ಶುರು. ಅವಳ ಕೆಲಸ ಬರೆದಿಟ್ಟ ಮಾತುಗಳನ್ನು ತಿದ್ದುವುದು. ಅದಕ್ಕೆ ಬೇಕಾಗಿದ್ದದ್ದು ಒಂದಷ್ಟು ಪುಟ್ಟ ಪಠ್ಯ ಫೈಲುಗಳು ಮಾತ್ರ.

"ಆಡಿಯೋ ಫೋಲ್ಡರ್ ಅಳಿಸಿ ಹಾರ್ಡ್ ಡಿಸ್ಕಿಗೆ ಹಾಕಿದ್ದೇವಲ್ಲ ಸರ್, ಆದರೂ ಯಾಕೆ ಇಷ್ಟು ಭಾರ?" ಎಂದು ತಂಡದವರು ಕೇಳಿದರು. ಈ ಪ್ರಶ್ನೆ ನನಗೆ ಹೊಸದಲ್ಲ.

ಅಳಿಸಿ ಕಮಿಟ್ ಮಾಡಿದರೆ, ಅಂದರೆ ಆ ಬದಲಾವಣೆಯನ್ನು ಗಿಟ್‌ನಲ್ಲಿ ದಾಖಲಿಸಿದರೆ, ಫೈಲು ಇವತ್ತಿನ ಪಟ್ಟಿಯಿಂದ ಹೋಗುತ್ತದೆ, ಇತಿಹಾಸದಿಂದ ಹೋಗುವುದಿಲ್ಲ. ಕ್ಲೋನ್ ಮಾಡಿದವರಿಗೆಲ್ಲ ಆ ಇತಿಹಾಸ ಪೂರ್ತಿ ಇಳಿಯುತ್ತದೆ. 2005ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಗಿಟ್ ಬರೆದದ್ದು ಲಿನಕ್ಸ್ ಕರ್ನಲ್ ಕೋಡಿಗಾಗಿ, ಅಂದರೆ ಪಠ್ಯಕ್ಕಾಗಿ. ಪಠ್ಯದಲ್ಲಿ ಒಂದು ಸಾಲು ಬದಲಾದರೆ, ಆವೃತ್ತಿಗಳನ್ನು ಒಟ್ಟಿಗೆ ಕಟ್ಟಿಡುವಾಗ ಗಿಟ್ ವ್ಯತ್ಯಾಸವನ್ನಷ್ಟೇ ಉಳಿಸಿಕೊಳ್ಳಬಲ್ಲದು. ಆಡಿಯೋದಲ್ಲಿ ಇದು ನಡೆಯುವುದಿಲ್ಲ. ದನಿಯನ್ನು ಸ್ವಲ್ಪ ಏರಿಸಿದರೂ ಸಾಕು, ಹೆಚ್ಚುಕಡಿಮೆ ಪ್ರತಿ ಬೈಟೂ ಬದಲಾಗುತ್ತದೆ. ಗಿಟ್ ಕಣ್ಣಿಗೆ ಅದು ಪೂರಾ ಹೊಸ ಫೈಲು.

ಲೆಕ್ಕ ಹಾಕಿ ನೋಡಿ. 16 ಕಿಲೋಹರ್ಟ್ಸ್, 16 ಬಿಟ್, ಮೋನೊ ವೇವ್ ಫೈಲು ಸೆಕೆಂಡಿಗೆ 32 ಕೆಬಿ. ಗಂಟೆಗೆ ಸುಮಾರು 115 ಎಂಬಿ. 40 ಗಂಟೆಗೆ 4.6 ಜಿಬಿ. ಇವರು ಮೊದಲು ಮೂಲ ರೆಕಾರ್ಡಿಂಗ್ ಹಾಕಿದ್ದರು. ಆಮೇಲೆ ಎಲ್ಲದರ ದನಿ ಒಂದೇ ಮಟ್ಟಕ್ಕೆ ತಂದು, ಅದೇ ಹೆಸರಿನಲ್ಲಿ ಮತ್ತೆ ಕಮಿಟ್ ಮಾಡಿದ್ದರು. ಹಿನ್ನೆಲೆ ಗದ್ದಲ ತೆಗೆದು ಮೂರನೇ ಸಲ. ರೆಪೊ 10 ಜಿಬಿ ದಾಟಿತ್ತು.

ಗಿಟ್ ರೆಪೊಗಳನ್ನು ನೆಟ್‌ನಲ್ಲಿ ಇಡುವ ತಾಣ ಗಿಟ್‌ಹಬ್ 50 ಎಂಬಿ ಮೀರಿದ ಫೈಲಿಗೆ ಎಚ್ಚರಿಕೆ ಕೊಡುತ್ತದೆ, 100 ಎಂಬಿ ಮೀರಿದರೆ ಒಪ್ಪುವುದೇ ಇಲ್ಲ. ಆದರೆ ಇವರ ಒಂದೊಂದು ತುಣುಕೂ ಹತ್ತು ಸೆಕೆಂಡಿನದು, ಬರೀ 320 ಕೆಬಿ. ಒಂದೊಂದೇ ಊರಿನ ಫೋಲ್ಡರ್ ಪುಶ್ ಮಾಡುತ್ತಾ (ಅಲ್ಲಿಗೆ ಕಳಿಸುತ್ತಾ) ಹೋದರು, ಯಾವ ಎಚ್ಚರಿಕೆಯೂ ಬರಲಿಲ್ಲ. ಹಾಗಾಗಿ ಫೈಲು ಎಷ್ಟು ದೊಡ್ಡದು ಎನ್ನುವುದಕ್ಕಿಂತ, ಅದು ಎಷ್ಟು ಸಲ ಪೂರ್ತಿ ಬದಲಾಗುತ್ತದೆ ಎನ್ನುವುದನ್ನು ನಾನು ಜಾಸ್ತಿ ನೋಡುತ್ತೇನೆ.

ಇತಿಹಾಸ ತೊಳೆಯಲು ಹೊರಡುವ ಮುಂಚೆ ಮಿರರ್ ಕ್ಲೋನ್ (ಇತಿಹಾಸವೆಲ್ಲ ಸೇರಿದ ಪಡಿಯಚ್ಚು) ಒಂದನ್ನು ಬೇರೆ ಡಿಸ್ಕಿನಲ್ಲಿ ಇಟ್ಟೆವು. ಇದನ್ನು ನಾನು ಯಾವತ್ತೂ ಬಿಡುವುದಿಲ್ಲ. ಅದು ಎಷ್ಟು ಒಳ್ಳೆಯದಾಯಿತೆಂದರೆ, ಹಾರ್ಡ್ ಡಿಸ್ಕಿನಲ್ಲಿ ಇದ್ದದ್ದು ಗದ್ದಲ ತೆಗೆದ ಕೊನೆಯ ಪ್ರತಿ ಮಾತ್ರ. ಆ ಅಜ್ಜಅಜ್ಜಿಯರ ಮೂಲ ದನಿ ಉಳಿದಿದ್ದದ್ದು ಗಿಟ್‌ನ ಹಳೆಯ ಕಮಿಟ್‌ಗಳಲ್ಲಿ ಮಾತ್ರ! ರೆಪೊವನ್ನು ಭಾರ ಮಾಡಿದ ಇತಿಹಾಸವೇ ಅದನ್ನು ಕಾಪಾಡಿತ್ತು. ಆ ಇತಿಹಾಸವನ್ನು ಸುಮ್ನೆ ಅಳಿಸಿದ್ದರೆ ಮತ್ತೆ ಸಿಗುತ್ತಿರಲಿಲ್ಲ.

ಮೂಲ ಫೈಲುಗಳನ್ನು ಹೊರತೆಗೆದ ಮೇಲೆ, ಇತಿಹಾಸವನ್ನೇ ತಿದ್ದಿ ಬರೆಯುವ ಗಿಟ್ ಫಿಲ್ಟರ್-ರೆಪೊ ಬಳಸಿ ಎಲ್ಲ ಕಮಿಟ್‌ಗಳಿಂದ ವೇವ್ ಫೈಲುಗಳನ್ನು ತೆಗೆದೆವು. ಹೀಗೆ ಮಾಡಿದರೆ ಅಲ್ಲಿಂದ ಮುಂದಿನ ಕಮಿಟ್‌ಗಳ ಗುರುತಿನ ಸಂಖ್ಯೆಗಳೆಲ್ಲ ಬದಲಾಗುತ್ತವೆ. ಒಬ್ಬರು ಮರೆತು ಹಳೆಯ ಕ್ಲೋನಿನಿಂದ ಮರ್ಜ್ ಮಾಡಿ (ಹಳೆಯದನ್ನು ಹೊಸದಕ್ಕೆ ಬೆರೆಸಿ) ಪುಶ್ ಮಾಡಿದರೂ ಹಳೆಯ ಭಾರ ವಾಪಸ್ ಬರುತ್ತದೆ. ಅದಕ್ಕೇ ಒಂದು ಭಾನುವಾರ ಗೊತ್ತು ಮಾಡಿ, ಎಲ್ಲರಿಂದಲೂ ಬಾಕಿ ಕೆಲಸ ಪುಶ್ ಮಾಡಿಸಿ, ಹೊಸ ರೆಪೊ ತೆರೆದೆವು. ಹಳೆಯ ಕ್ಲೋನ್‌ಗಳನ್ನು ತೆಗೆದುಹಾಕಲು ಹೇಳಿದೆವು.

ಮೂಲ ದನಿಗಳನ್ನು ಗಿಟ್ ಎಲ್‌ಎಫ್‌ಎಸ್‌ಗೆ (ಲಾರ್ಜ್ ಫೈಲ್ ಸ್ಟೋರೇಜ್) ಹಾಕಿದೆವು. 2015ರಲ್ಲಿ ಬಂದ ಈ ಸಾಧನ, ದೊಡ್ಡ ಫೈಲಿನ ಜಾಗದಲ್ಲಿ ಮೂರು ಸಾಲಿನ ಚೀಟಿ ಇಡುತ್ತದೆ. ಸುಮಾರು 130 ಬೈಟಿನ ಆ ಚೀಟಿಯಲ್ಲಿ ಫೈಲಿನ ಗುರುತು ಮತ್ತು ಗಾತ್ರ ಇರುತ್ತದೆ. ನಿಜವಾದ ಫೈಲು ಬೇರೆ ಕಡೆ ಇರುತ್ತದೆ. ಯಾವ ಬಗೆಯ ಫೈಲು ಎಂದು ಟ್ರ್ಯಾಕ್ ಆಜ್ಞೆಯಲ್ಲಿ ಮೊದಲೇ ಹೇಳಬೇಕು, ಅದನ್ನು ಬರೆದಿಡುವ ಗಿಟ್‌ಆಟ್ರಿಬ್ಯೂಟ್ಸ್ ಫೈಲನ್ನೂ ಕಮಿಟ್ ಮಾಡಬೇಕು. ಆ ಆಜ್ಞೆಯಲ್ಲಿ "*.wav" ಎಂದು ಬರೆಯುವಾಗ ಸುತ್ತಲಿನ ಉದ್ಧರಣ ಚಿಹ್ನೆ ಮರೆಯಬೇಡಿ. ಮರೆತರೆ ಟರ್ಮಿನಲ್ ಅದನ್ನು ಆ ಫೋಲ್ಡರಿನಲ್ಲಿ ಈಗಿರುವ ಫೈಲುಗಳ ಹೆಸರಾಗಿ ಬಿಡಿಸಿಬಿಡುತ್ತದೆ, ನಾಳೆ ಬರುವ ಫೈಲು ಹೊರಗುಳಿಯುತ್ತದೆ. ಇನ್ನು ಆಡಿಯೋ ಫೈಲು ಕೆಟ್ಟಿದೆ ಎಂದು ಯಾರಾದರೂ ಹೇಳಿದರೆ ಮೊದಲು ಅದರ ಗಾತ್ರ ನೋಡಿ. ಸುಮಾರು 130 ಬೈಟ್ ಇದ್ದರೆ ಅವರ ಕಂಪ್ಯೂಟರಿನಲ್ಲಿ ಎಲ್‌ಎಫ್‌ಎಸ್ ಇಲ್ಲ, ಇಲ್ಲವೇ ನಿಜವಾದ ಫೈಲು ಇನ್ನೂ ಇಳಿಸಿಲ್ಲ, ಚೀಟಿ ಮಾತ್ರ ಬಂದಿದೆ.

ಎಲ್‌ಎಫ್‌ಎಸ್ ಕೂಡ ಪ್ರತಿ ಆವೃತ್ತಿಯನ್ನು ಇಡಿಯಾಗಿಯೇ ಇಡುತ್ತದೆ. ಮೂರು ಸಲ ಹಾಕಿದರೆ ಅಲ್ಲೂ 14 ಜಿಬಿ ಆಗುತ್ತದೆ, ಅಲ್ವಾ? ಅದಕ್ಕೇ ಸಂಸ್ಕರಿಸಿದ ಪ್ರತಿಗಳನ್ನು ಹಾಕಲೇ ಇಲ್ಲ. ದನಿ ಸಮ ಮಾಡುವ, ಗದ್ದಲ ತೆಗೆಯುವ ಸ್ಕ್ರಿಪ್ಟನ್ನು ಗಿಟ್‌ನಲ್ಲಿ ಇಟ್ಟೆವು. ಅದನ್ನು ಓಡಿಸಿದರೆ ಆ ಪ್ರತಿಗಳು ಮತ್ತೆ ಸಿಗುತ್ತವೆ. ಮೂಲ ದನಿಯನ್ನು ಹಾಗೆ ಮತ್ತೆ ಪಡೆಯಲು ಆಗುವುದಿಲ್ಲ, ಅದಕ್ಕೆ ಇನ್ನೊಂದು ಡಿಸ್ಕಿನಲ್ಲೂ ಪ್ರತಿ ಇದೆ.

ಶಿರಸಿಯ ಹುಡುಗಿಗೆ ಆಡಿಯೋ ಇಳಿಸದೆ ಕ್ಲೋನ್ ಮಾಡುವುದನ್ನು ಫೋನಿನಲ್ಲೇ ಹೇಳಿಕೊಟ್ಟೆ. ಒಂದು ನಿಮಿಷವೂ ಹಿಡಿಯಲಿಲ್ಲ. ಒಂದು ವಾರದ ನಂತರ ಒಬ್ಬ ಅಜ್ಜಿಯ ಮಾತಿನಲ್ಲಿ ಒಂದು ಪದದ ಬಗ್ಗೆ ಅವಳಿಗೆ ಅನುಮಾನ ಬಂತಂತೆ. ಆ ಅಜ್ಜಿಯ ಫೋಲ್ಡರ್ ಒಂದನ್ನೇ ಇಳಿಸಿಕೊಂಡು, ಕೇಳಿ, ತಿದ್ದಿ ಕಳಿಸಿದಳು.