30×40 ನಿವೇಶನದ ನೀರಿನ ಲೆಕ್ಕ

ಹಾಸನದ ಸುತ್ತಲಿನ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿಸುವವರು ನನ್ನಂಥ ಸಿವಿಲ್ ಎಂಜಿನಿಯರರ ಬಳಿ ಬಂದಾಗ ಸೋಲಾರ್ ಮತ್ತು ಮಳೆನೀರು ಕೊಯ್ಲಿನ ಬಗ್ಗೆ ತಾವಾಗಿಯೇ ವಿಚಾರಿಸುತ್ತಾರೆ. ಇದು ಸಂತೋಷದ ಸಂಗತಿ. ಸೋಲಾರ್ ವಿಷಯದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಡಿ 3 ಕಿಲೋವ್ಯಾಟ್ ಘಟಕಕ್ಕೆ 78,000 ರೂಪಾಯಿ ಕೇಂದ್ರ ಸಹಾಯಧನವಿದೆ, ಮತ್ತು ಒಂದು ಮನೆಯವರು ನೆರೆಹೊರೆಯವರನ್ನು ಕಾಯದೆ ಅದನ್ನು ಅಳವಡಿಸಿಕೊಳ್ಳಬಹುದು. ನೀರು ಹಾಗಲ್ಲ. ಒಳಚರಂಡಿ ಇನ್ನೂ ತಲುಪದ ಬಡಾವಣೆಯಲ್ಲಿ ಶೌಚಗುಂಡಿ ಎಲ್ಲಿ, ಕೊಳವೆಬಾವಿ ಎಲ್ಲಿ ಎಂಬುದು ತೀರ್ಮಾನವಾಗದೆ ನೀರಿನ ಯಾವ ತಂತ್ರಜ್ಞಾನವೂ ನೆಟ್ಟಗೆ ಫಲ ಕೊಡಲಾರದು.

ಶೌಚಗುಂಡಿಗೂ ಕುಡಿಯುವ ನೀರಿನ ಮೂಲಕ್ಕೂ ಕನಿಷ್ಠ 15 ಮೀಟರ್, ಅಂದರೆ ಸುಮಾರು 50 ಅಡಿ ಅಂತರವಿರಬೇಕೆಂಬುದು ವೃತ್ತಿಯಲ್ಲಿ ಸಾಮಾನ್ಯವಾಗಿ ಪಾಲಿಸುವ ನಿಯಮ. 30×40 ನಿವೇಶನದ ಒಂದು ಮೂಲೆಯಿಂದ ಎದುರು ಮೂಲೆಗೆ ಟೇಪು ಹಿಡಿದರೆ ಬರುವುದು ಸರಿಯಾಗಿ 50 ಅಡಿ. ಗುಂಡಿಯನ್ನು ಒಂದು ಮೂಲೆಯ ತುದಿಗೂ ಬೋರನ್ನು ಅದರ ಎದುರು ಮೂಲೆಯ ತುದಿಗೂ ತಳ್ಳಿದರೆ ಮಾತ್ರ ನಿಯಮ ಕಾಗದದ ಮೇಲೆ ಉಳಿಯುತ್ತದೆ; ವಾಸ್ತು ನೋಡುವವರು ಅದಕ್ಕೆ ಒಪ್ಪುವುದಿಲ್ಲ. ಒಪ್ಪಿದರೂ ಪಕ್ಕದ ಮನೆಯವರ ಗುಂಡಿ ನಮ್ಮ ಬೋರಿಗೆ ಹತ್ತಿರವೇ ಇರುತ್ತದೆ. ಆದ್ದರಿಂದ ಇದು ಒಂದು ಮನೆಯ ನಕ್ಷೆಯಲ್ಲಿ ಬಗೆಹರಿಯುವ ಸಮಸ್ಯೆಯಲ್ಲ.

ಗುಂಡಿಯಿಂದ ಇಳಿಯುವ ಮಲಿನ ನೀರಿನಲ್ಲಿರುವ ರೋಗಾಣುಗಳು ಮಣ್ಣಿನಲ್ಲಿ ಬಹುಮಟ್ಟಿಗೆ ಸೋಸಿಹೋಗಬಹುದು, ಆದರೆ ನೈಟ್ರೇಟ್ ಸೋಸಿಹೋಗದೆ ನೀರಿನೊಡನೆಯೇ ಕೆಳಗಿಳಿಯುತ್ತದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಈ ಮಿತಿ ಮೀರಿದ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕೊಟ್ಟರೆ ಎಳೆಗೂಸುಗಳ ರಕ್ತ ಆಮ್ಲಜನಕ ಒಯ್ಯುವ ಶಕ್ತಿಯನ್ನು ಕಳೆದುಕೊಳ್ಳುವ ಅಪಾಯವಿದೆ. ನೈಟ್ರೇಟಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಯುವಿ ಫಿಲ್ಟರ್‌ನಿಂದಲೂ ಪ್ರಯೋಜನವಿಲ್ಲ.

ಬೋರಿನ ನೀರು ಹೀಗೆ ಮೊದಲೇ ಅಪಾಯದಲ್ಲಿರುವುದರಿಂದ, ತಾರಸಿಯ ಪೈಪನ್ನು ನೇರವಾಗಿ ಬೋರಿನ ಬಾಯಿಗೆ ಬಿಟ್ಟು ಅದನ್ನೇ ಮಳೆಕೊಯ್ಲು ಎನ್ನುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಸೋಸದ ನೀರು ತಾರಸಿಯ ಕೊಳೆಯನ್ನೂ ಹಕ್ಕಿಯ ಹಿಕ್ಕೆಯನ್ನೂ ಅಂತರ್ಜಲಕ್ಕೆ ಒಯ್ಯುತ್ತದೆ. ಚಿಕ್ಕ ನಿವೇಶನದಲ್ಲಿ ಮಳೆನೀರು ಮೊದಲು ಸೇರಬೇಕಾದದ್ದು ನೆಲದಡಿಯ ತೊಟ್ಟಿಗೆ, ಅಂದರೆ ಸಂಪಿನೊಳಕ್ಕೆ. 1,000 ಚದರ ಅಡಿ ತಾರಸಿಯ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 93 ಲೀಟರ್ ನೀರಾಗುತ್ತದೆ. ವರ್ಷದ ಮಳೆಯನ್ನು 900 ಮಿಲಿಮೀಟರ್ ಎಂದು ಹಿಡಿದು, ಆವಿಯಾಗಿ ಮತ್ತು ಚೆಲ್ಲಿ ಹೋಗುವ ಐದನೇ ಒಂದು ಭಾಗವನ್ನು ಕಳೆದರೂ 67,000 ಲೀಟರ್ ಕೈಗೆ ಸಿಗುತ್ತದೆ. ತಲೆಗೆ ದಿನಕ್ಕೆ 135 ಲೀಟರ್ ಎಂಬ ಸರ್ಕಾರಿ ಮಾನದಂಡದಂತೆ ನಾಲ್ವರ ಕುಟುಂಬಕ್ಕೆ ಇದು ನಾಲ್ಕು ತಿಂಗಳ ನೀರು. ಅಷ್ಟನ್ನೂ ಹಿಡಿದಿಡುವ ಸಂಪು ಯಾರ ಮನೆಯಲ್ಲೂ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಮುಂಗಾರಿನ ತಿಂಗಳುಗಳಲ್ಲಿ 10,000 ಲೀಟರಿನ ಸಂಪು ಮತ್ತೆ ಮತ್ತೆ ತುಂಬಿ ಖಾಲಿಯಾಗುತ್ತಿದ್ದರೆ ಅಷ್ಟೂ ಕಾಲ ಬೋರಿಗೆ ವಿಶ್ರಾಂತಿ, ಹೇಮಾವತಿಯಿಂದ ಪಂಪು ಮಾಡುವ ನೀರಿಗೂ ಉಳಿತಾಯ. ಮೃಗಶಿರಾ ಮಳೆ ಹಿಡಿಯುವ ಮುನ್ನ ತಾರಸಿ ಗುಡಿಸಿ, ಫಿಲ್ಟರಿನ ಜಲ್ಲಿ ಮತ್ತು ಮರಳನ್ನು ತೊಳೆದು, ಪ್ರತಿ ಮಳೆಯ ಮೊದಲ ನೂರಿನ್ನೂರು ಲೀಟರನ್ನು ಬೇರೆ ಕವಾಟದಿಂದ ಹೊರಗೆ ಬಿಡಬೇಕು. ಈ ಕೆಲಸ ಮಾಡುವವರು ಯಾರೆಂದು ಮನೆಯಲ್ಲಿ ಮೊದಲೇ ನಿಗದಿಯಾಗದಿದ್ದರೆ ಎರಡನೆಯ ವರ್ಷಕ್ಕೇ ಪೈಪು ಕಳಚಿಹೋಗುತ್ತದೆ.

ಸಂಪು ತುಂಬಿ ಹೊರಗೆ ಹರಿಯುವ ನೀರನ್ನು ಬಡಾವಣೆಯ ಉದ್ಯಾನದಲ್ಲಿ, ಶೌಚಗುಂಡಿಗಳಿಂದ ದೂರದಲ್ಲಿ ತೋಡಿದ ಸಾಮೂಹಿಕ ಇಂಗುಗುಂಡಿಗೆ ಒಯ್ಯಬೇಕು. ಅದೇ ಉದ್ಯಾನದ ಇನ್ನೊಂದು ತಗ್ಗಿನ ಮೂಲೆಯಲ್ಲಿ ಎಲ್ಲ ಮನೆಗಳ ಕೊಳಚೆಯನ್ನು ಸಂಸ್ಕರಿಸಬಹುದು: ಮೊದಲು ಹೂಳು ಕೂರುವ ತೊಟ್ಟಿ, ಆಮೇಲೆ ಗಾಳಿಯಾಡದ ಕೋಣೆಗಳ ಸಾಲು, ಕೊನೆಗೆ ಜಲ್ಲಿಯ ಮೇಲೆ ಕಾಬಾಳೆ ಬೆಳೆಸಿದ ಪಾತಿ. ನೀರು ಇಳಿಜಾರಿನಲ್ಲಿ ತಾನೇ ಹರಿಯುವುದರಿಂದ ವಿದ್ಯುತ್ ಬೇಕಿಲ್ಲ; ಹೊರಬರುವ ನೀರು ಗಿಡಗಳಿಗೆ ಹಾಕುವಷ್ಟು ಶುದ್ಧವಾಗಿರುತ್ತದೆ. ತೊಟ್ಟಿಯ ಹೂಳಿಗೆ ಪ್ರತ್ಯೇಕ ಘಟಕ ಬೇಕು. ದೇವನಹಳ್ಳಿಯಲ್ಲಿ 2015ರಿಂದ ಇಡೀ ಪಟ್ಟಣದ ಶೌಚಗುಂಡಿಗಳ ಹೂಳನ್ನು ಹೀಗೆ ಸಂಸ್ಕರಿಸುವ ಘಟಕವಿದೆ. ಹಾಸನ ಮತ್ತು ಚಿಕ್ಕಮಗಳೂರಿನಂಥ ಊರುಗಳಿಗೆ ಮಹಾನಗರದ ಭಾರೀ ಯಂತ್ರಗಳಿಗಿಂತ ಈ ದಾರಿಯೇ ಹೊಂದುತ್ತದೆ ಎಂದು ನಾನು ದೃಢವಾಗಿ ನಂಬಿದ್ದೇನೆ. ಇದಕ್ಕೆ ಜಾಗ ಗುರುತಾಗಬೇಕಾದದ್ದು ಬಡಾವಣೆಯ ನಕ್ಷೆಗೆ ಅನುಮೋದನೆ ಸಿಗುವಾಗ. ನಿವೇಶನ ಕೊಳ್ಳುವವರು ಪತ್ರ ನೋಂದಾಯಿಸುವ ಮೊದಲು ಆ ನಕ್ಷೆಯನ್ನು ಕೇಳಿ ನೋಡಬೇಕು.

ಈಗಾಗಲೇ ಮನೆ ಕಟ್ಟಿರುವವರು ಸೆಪ್ಟಿಕ್ ಟ್ಯಾಂಕಿನ ಹೂಳನ್ನು ಎರಡು–ಮೂರು ವರ್ಷಕ್ಕೊಮ್ಮೆ ಯಂತ್ರದಿಂದಲೇ ತೆಗೆಸಬೇಕು. ರಕ್ಷಣಾ ಸಲಕರಣೆಗಳಿಲ್ಲದೆ ಮನುಷ್ಯರನ್ನು ಅದರೊಳಗೆ ಇಳಿಸಿ ಶುಚಿಗೊಳಿಸುವುದನ್ನು ಮಲ ಹೊರುವ ಪದ್ಧತಿಯ ವಿರುದ್ಧದ 2013ರ ಕಾಯ್ದೆ ನಿಷೇಧಿಸಿದೆ. ಬೋರಿನ ನೀರನ್ನು ವರ್ಷಕ್ಕೆ ಎರಡು ಸಲ, ಬೇಸಿಗೆಯ ಕೊನೆಗೊಮ್ಮೆ ಮತ್ತು ಮಳೆಗಾಲ ಮುಗಿದ ಮೇಲೊಮ್ಮೆ, ನೈಟ್ರೇಟ್ ಪರೀಕ್ಷೆಗೆ ಕೊಟ್ಟು, ಫಲಿತಾಂಶವನ್ನು ಅಕ್ಕಪಕ್ಕದ ಮನೆಯವರಿಗೂ ತೋರಿಸಬೇಕು, ಏಕೆಂದರೆ ಅವರ ಬೋರು ಎಳೆಯುತ್ತಿರುವುದೂ ಅದೇ ನೀರನ್ನು.