ಕಂಬ ಕೊರೆದ ಚಿಪ್ಪುಜೀವಿ: ಪೊಟ್ಸುವೊಲಿಯ ತೂತುಗಳ ಎರಡೂವರೆ ಶತಮಾನದ ಚರ್ಚೆ

ಇಟಲಿಯ ನೇಪಲ್ಸ್ ನಗರಕ್ಕೆ ಪಶ್ಚಿಮದಲ್ಲಿ, ಸಮುದ್ರಕ್ಕೆ ಅಂಟಿಕೊಂಡಿರುವ ಪೊಟ್ಸುವೊಲಿ ಎಂಬ ಊರಿನಲ್ಲಿ ರೋಮನ್ನರ ಕಾಲದ ಮೂರು ಅಮೃತಶಿಲೆಯ ಕಂಬಗಳು ಇಂದಿಗೂ ನೆಟ್ಟಗೆ ನಿಂತಿವೆ. ಸುಮಾರು 12 ಮೀಟರ್ ಎತ್ತರದ, ಒಂದೊಂದೂ ಏಕಶಿಲೆಯಲ್ಲಿ ಕಡೆದ ಈ ಕಂಬಗಳು ಬುಡದಿಂದ 3.6 ಮೀಟರಿನವರೆಗೆ ನುಣುಪಾಗಿವೆ. ಅಲ್ಲಿಂದ ಮೇಲಕ್ಕೆ ಸುಮಾರು 2.7 ಮೀಟರ್ ಅಗಲದ ಪಟ್ಟಿಯಲ್ಲಿ ತೂತುಗಳೋ ತೂತುಗಳು. ಅದರಾಚೆಗೆ ಕೊರೆತದ ಗುರುತಿಲ್ಲ.

ಈ ತೂತುಗಳನ್ನು ಕೊರೆದದ್ದು ಲಿಥೊಫಾಗ ಎಂಬ ಸಮುದ್ರದ ಚಿಪ್ಪುಜೀವಿ. ನಮ್ಮ ಕರಾವಳಿಯವರು ಪಚ್ಚಿಲೆ ಎಂದು ಕರೆಯುವ ಚಿಪ್ಪಿನ ಕುಟುಂಬಕ್ಕೇ ಸೇರಿದ ಈ ಜೀವಿ, ಆಕಾರದಲ್ಲೂ ಬಣ್ಣದಲ್ಲೂ ಖರ್ಜೂರವನ್ನು ಹೋಲುತ್ತದೆ. ಮರಿಯಾಗಿದ್ದಾಗ ಕಲ್ಲಿಗೆ ಅಂಟಿಕೊಂಡು, ತಾನು ಸ್ರವಿಸುವ ಲೋಳೆಯಿಂದ ಸುಣ್ಣದ ಅಂಶವನ್ನು ಕರಗಿಸುತ್ತಾ ಒಳಕ್ಕೆ ಇಳಿಯುತ್ತದೆ. ಆದ್ದರಿಂದಲೇ ಅದಕ್ಕೆ ಸುಣ್ಣಕಲ್ಲು, ಅಮೃತಶಿಲೆಗಳು ಒಗ್ಗುತ್ತವೆ, ಗ್ರಾನೈಟ್ ಒಗ್ಗುವುದಿಲ್ಲ. ಐದು ಸೆಂಟಿಮೀಟರ್ ಉದ್ದ ಬೆಳೆಯಲು ಅದಕ್ಕೆ 15ರಿಂದ 35 ವರ್ಷಗಳು ಬೇಕು. ಬೆಳೆದಂತೆಲ್ಲ ಒಳಗಿನ ಕೋಣೆಯನ್ನು ಹಿಗ್ಗಿಸಿಕೊಳ್ಳುತ್ತದೆ, ಆದರೆ ಬಾಯಿ ಕಿರಿದಾಗಿಯೇ ಉಳಿಯುವುದರಿಂದ ಹೊರಬರುವ ದಾರಿ ಅದಕ್ಕಿರುವುದಿಲ್ಲ. ಹೊರಗಿನಿಂದ ಸಣ್ಣ ರಂಧ್ರವಾಗಿ ಕಾಣುವ ತೂತು ಒಳಗೆ ಅಗಲವಾಗುತ್ತಾ ದುಂಡನೆಯ ತಳದಲ್ಲಿ ಕೊನೆಗೊಳ್ಳುತ್ತದೆ, ಹಲವು ತೂತುಗಳ ತಳದಲ್ಲಿ ಚಿಪ್ಪು ಉಳಿದುಕೊಂಡಿರುತ್ತದೆ.

ಜೀವಿಯ ದೇಹವಲ್ಲದೆ ಅದರ ಓಡಾಟ, ಅಗೆತ, ಕೊರೆತಗಳ ಗುರುತು ಕಲ್ಲಿನಲ್ಲಿ ಉಳಿದರೆ ಅದನ್ನು ಕುರುಹು ಪಳೆಯುಳಿಕೆ ಎನ್ನುತ್ತಾರೆ. ಇಂಥ ಗದೆಯಾಕಾರದ ಕೊರೆತಗಳಿಗೆ ಗ್ಯಾಸ್ಟ್ರೊಕೀನೊಲೈಟಿಸ್ ಎಂಬ ಹೆಸರಿದೆ, ಮತ್ತು ಆ ಹೆಸರು ಜೀವಿಯದ್ದಲ್ಲ, ತೂತಿನದು. ಸಾವಿರ ಚಿಲ್ಲರೆ ವರ್ಷದ ತೂತನ್ನು ಪಳೆಯುಳಿಕೆ ಎನ್ನುವುದಕ್ಕೆ ಕಟ್ಟುನಿಟ್ಟಿನವರು ತಕರಾರು ತೆಗೆಯಬಹುದು. ಸಾಕ್ಷಿಯಾಗಿ ಮಾತ್ರ ಅದು ಯಾವ ಪ್ರಾಚೀನ ಕೊರೆತಕ್ಕೂ ಕಡಿಮೆಯಲ್ಲ. ಸತ್ತ ಜೀವಿಯ ಚಿಪ್ಪನ್ನು ಅಲೆಯೋ ಮನುಷ್ಯರೋ ಎಲ್ಲಿಗೂ ಸಾಗಿಸಬಹುದು. ಕಂಬದೊಳಗಿನ ತೂತನ್ನು ಹಾಗೆ ಸಾಗಿಸಲಾಗದು. ಆ ಎತ್ತರದಲ್ಲಿ ಹಲವು ವರ್ಷ ಸಮುದ್ರದ ನೀರು ನಿಂತಿತ್ತು ಎಂಬುದನ್ನು ಅದು ಸಂದೇಹಕ್ಕೆ ಎಡೆಯಿಲ್ಲದಂತೆ ಹೇಳುತ್ತದೆ.

ಉತ್ಖನನಕ್ಕೆ ಮೊದಲು ಈ ಕಂಬಗಳ ಮೇಲ್ಭಾಗವಷ್ಟೇ ನೆಲದ ಮೇಲಿತ್ತು. ಸುತ್ತಲಿನ ದ್ರಾಕ್ಷಿತೋಟಕ್ಕೆ ಮೂರು ಕಂಬಗಳ ತೋಟ ಎಂದೇ ಹೆಸರಿತ್ತು. 1750ರಲ್ಲಿ ಬೂರ್ಬನ್ ದೊರೆ ಚಾರ್ಲ್ಸ್‌ನ ಕಾಲದಲ್ಲಿ ಉತ್ಖನನ ನಡೆದು ಸೆರಾಪಿಸ್ ದೇವತೆಯ ವಿಗ್ರಹ ಸಿಕ್ಕಿತು. ಅದರಿಂದಾಗಿ ಕಟ್ಟಡಕ್ಕೆ ಸೆರಾಪಿಸ್ ದೇವಾಲಯ ಎಂಬ ಹೆಸರು ಬಿತ್ತು, ಅದು ವಾಸ್ತವದಲ್ಲಿ ಪೇಟೆಯ ಮಾರುಕಟ್ಟೆಯಾಗಿತ್ತು ಎಂದು ತಿಳಿದದ್ದು ಆಮೇಲೆ.

1787ರಲ್ಲಿ ಇಲ್ಲಿಗೆ ಬಂದಿದ್ದ ಜರ್ಮನ್ ಕವಿ ಗಯಟೆ, 1823ರಲ್ಲಿ ಪ್ರಕಟಿಸಿದ ಬರಹದಲ್ಲಿ ತನ್ನ ವಿವರಣೆಯನ್ನು ಮುಂದಿಟ್ಟ. ಸಮುದ್ರವೇ ಅಷ್ಟು ಎತ್ತರಕ್ಕೆ ಏರಿದ್ದರೆ ಮೆಡಿಟರೇನಿಯನ್ ತೀರವೆಲ್ಲ ಮುಳುಗಬೇಕಿತ್ತಲ್ಲವೇ ಎಂಬುದು ಅವನ ಆಕ್ಷೇಪ. ಜ್ವಾಲಾಮುಖಿಯ ಬೂದಿ ಕಟ್ಟಡವನ್ನು ಅರ್ಧ ಹೂತು, ಅಂಗಳದಲ್ಲಿ ನೀರು ನಿಂತು ಕೊಳವಾಯಿತು, ಚಿಪ್ಪುಜೀವಿಗಳು ಅದರಲ್ಲಿ ಬಾಳಿದವು ಎಂದು ಅವನು ವಾದಿಸಿದ. ಈ ವಾದವನ್ನು ಇಂದು ನಗೆಯಾಡುವುದು ಸುಲಭ, ಆದರೆ ಸಮುದ್ರದ ಕುರಿತ ಅವನ ಆಕ್ಷೇಪ ಸರಿಯಾಗಿಯೇ ಇತ್ತು. ನೀರು ಏರದಿದ್ದರೆ ನೆಲ ಕುಸಿದಿರಬೇಕು ಎಂಬ ಇನ್ನೊಂದು ಸಾಧ್ಯತೆಗೆ ಅವನು ಮನಸ್ಸು ಕೊಡಲಿಲ್ಲ.

ಆ ಸಾಧ್ಯತೆಯನ್ನು ಗಟ್ಟಿಯಾಗಿ ಹಿಡಿದವನು ಬ್ರಿಟಿಷ್ ಭೂವಿಜ್ಞಾನಿ ಚಾರ್ಲ್ಸ್ ಲಯೆಲ್. 1828ರಲ್ಲಿ ಪೊಟ್ಸುವೊಲಿಯನ್ನು ನೋಡಿದ ಅವನು, 1830ರಲ್ಲಿ ಹೊರಬಂದ ತನ್ನ ಭೂವಿಜ್ಞಾನದ ಗ್ರಂಥದ ಮೊದಲ ಸಂಪುಟಕ್ಕೆ ಈ ಕಂಬಗಳ ಚಿತ್ರವನ್ನೇ ಮುಖಚಿತ್ರವಾಗಿ ಇಟ್ಟ. ಕಟ್ಟಡವನ್ನು ಯಾರೂ ನೀರಿನೊಳಗೆ ಕಟ್ಟಿರಲಾರರು, ಆದ್ದರಿಂದ ಅದು ಮುಳುಗಿ ಮತ್ತೆ ಎದ್ದಿದೆ. ಕಂಬಗಳು ಉರುಳದೆ ಉಳಿದಿರುವುದರಿಂದ ಆ ಚಲನೆ ಮೆಲ್ಲಗೆ ನಡೆದಿದೆ. ಬುಡದ ಭಾಗ ಬೂದಿ, ಹೂಳುಗಳಲ್ಲಿ ಹುದುಗಿದ್ದರಿಂದ ಕೊರೆತಕ್ಕೆ ಸಿಕ್ಕಿಲ್ಲ ಎಂದು ಅವನು ತೋರಿಸಿದ. ಭೂಮಿಯ ಮೇಲ್ಮೈ ಮಹಾಪ್ರಳಯಗಳಿಂದಲೇ ಬದಲಾಗಬೇಕಿಲ್ಲ ಎಂದು ವಾದಿಸುತ್ತಿದ್ದವನಿಗೆ, ಮನುಷ್ಯರ ಚರಿತ್ರೆಯ ಅವಧಿಯೊಳಗೇ ನಡೆದ ಇಂಥ ನಿದರ್ಶನ ಬೇರೆ ಸಿಗುವಂತಿರಲಿಲ್ಲ. ಗಣಕಯಂತ್ರದ ಕಲ್ಪನೆಗಾಗಿ ಹೆಸರಾದ ಚಾರ್ಲ್ಸ್ ಬ್ಯಾಬೇಜ್ ಕೂಡ 1828ರಲ್ಲೇ ಇಲ್ಲಿಗೆ ಬಂದು, ನೆಲದಡಿಯ ಬಿಸಿಗೆ ಶಿಲೆಗಳು ಹಿಗ್ಗಿ ಕುಗ್ಗುವುದೇ ಇದಕ್ಕೆ ಕಾರಣವೆಂದು ತರ್ಕಿಸಿದ.

ಈ ಊರು ನಿಂತಿರುವುದು ಕಾಂಪಿ ಫ್ಲೆಗ್ರೆಯ್ ಎಂಬ ವಿಶಾಲ ಜ್ವಾಲಾಮುಖಿ ಕುಳಿಯ ನಡುವೆ. ಒಳಗಿನ ಶಿಲಾಪಾಕ ಮತ್ತು ಬಿಸಿ ದ್ರವಗಳ ಒತ್ತಡಕ್ಕೆ ನೆಲ ಏರಿಳಿಯುತ್ತದೆ. 1982ರಿಂದ 1984ರ ನಡುವೆ ಅದು ಸುಮಾರು 1.8 ಮೀಟರ್ ಉಬ್ಬಿ, ಬಂದರಿನ ನೀರು ದೋಣಿಗಳಿಗೆ ಸಾಲದಷ್ಟು ಕಡಿಮೆಯಾಯಿತು. ಸುಮಾರು 40,000 ಜನರನ್ನು ಸ್ಥಳಾಂತರಿಸಬೇಕಾಯಿತು. 2005ರಿಂದೀಚೆಗೆ ನೆಲ ಮತ್ತೆ ಏರುತ್ತಿದೆ.

ನೀರು ಇತ್ತು ಎನ್ನುವ ತೂತು, ಯಾವಾಗ ಇತ್ತು ಎಂಬುದನ್ನು ತಾನಾಗಿ ಹೇಳದು. ಉಳಿದಿದ್ದ ಚಿಪ್ಪುಗಳ ಕಾಲವನ್ನು ರೇಡಿಯೊಕಾರ್ಬನ್ ವಿಧಾನದಿಂದ ಅಳೆದ ಸಂಶೋಧಕರು 2006ರಲ್ಲಿ ಅದಕ್ಕೆ ಉತ್ತರ ಕೊಟ್ಟರು: ಕಂಬಗಳು ಮುಳುಗಿದ್ದು ಒಮ್ಮೆಯಲ್ಲ, ಮೂರು ಬಾರಿ. ಮೊದಲನೆಯದು 5ನೆಯ ಶತಮಾನದಲ್ಲಿ, ಎರಡನೆಯದು ಮಧ್ಯಯುಗದ ಆರಂಭದಲ್ಲಿ, ಮೂರನೆಯದು 15ನೆಯ ಶತಮಾನದ ಕೊನೆಗೆ. ಕೊನೆಯ ಬಾರಿ ನೆಲ ಎದ್ದಾಗ 1538ರಲ್ಲಿ ಜ್ವಾಲಾಮುಖಿ ಸಿಡಿದು ಮೋಂತೆ ನ್ಯುವೊವೊ ಎಂಬ ಹೊಸ ಗುಡ್ಡವೇ ಹುಟ್ಟಿತು. ಹಿಂದಿನ ಎರಡು ಬಾರಿ ನೆಲ ಮೇಲೆದ್ದರೂ ಸ್ಫೋಟ ಆಗಿರಲಿಲ್ಲ.